ದುರ್ಗದ ಮೇಲಣ ಕಾಮಗಾರಿ, ಬುಡದ ಊರಿನ ಲೆಕ್ಕ

ನಂದಿಬೆಟ್ಟವನ್ನು ಕುರಿತು ಈಚಿನ ವರ್ಷಗಳಲ್ಲಿ ಪ್ರಕಟವಾಗಿರುವ ಪ್ರಶಂಸಾಲೇಖನಗಳನ್ನು ಓದಿದವರಿಗೆ, ಒಂದು ಕಾಲದ ಸೇನಾದುರ್ಗವನ್ನು ಸಾರ್ವಜನಿಕರ ವಿಹಾರಸ್ಥಾನವನ್ನಾಗಿ ಪರಿವರ್ತಿಸುವ ಕಾರ್ಯದಲ್ಲಿ ನಮ್ಮ ರಾಜ್ಯವು ತೋರಿರುವ ಕೌಶಲಕ್ಕೆ ಇದಕ್ಕಿಂತ ಶ್ರೇಷ್ಠವಾದ ನಿದರ್ಶನವಿಲ್ಲವೆಂಬ ಭಾವನೆ ಉಂಟಾದರೆ ಆಶ್ಚರ್ಯವಿಲ್ಲ. ಉದ್ಯಾನ, ಅತಿಥಿಗೃಹ, ಸೂರ್ಯೋದಯ, ಮಂಜು ಇವುಗಳ ವರ್ಣನೆಯಲ್ಲಿ ಲೇಖಕರ ಉತ್ಸಾಹಕ್ಕೆ ಮಿತಿಯಿಲ್ಲ. ಆದರೆ ಈ ಕೀರ್ತಿಯ ಅರ್ಧಭಾಗ ಬೆಟ್ಟಕ್ಕೆ ಸಲ್ಲತಕ್ಕದ್ದು, ಉಳಿದರ್ಧ ಮೋಡಕ್ಕೆ. ಆಡಳಿತಕ್ಕೆ ಸಲ್ಲತಕ್ಕ ಪಾಲು ಏನಾದರೂ ಇದೆಯೆ ಎಂಬುದನ್ನು ಪರಿಶೀಲಿಸಿದವರು ವಿರಳ. ನನ್ನ ಅಭಿಪ್ರಾಯದಲ್ಲಿ ಆ ಪಾಲು ಬಹಳ ಅಲ್ಪವಾದುದು, ಮತ್ತು ಅದು ಅಲ್ಪವಾಗಿರುವುದಕ್ಕೆ ಕಾರಣ ಹಣದ ಕೊರತೆಯೂ ಅಲ್ಲ, ಕಲ್ಪನೆಯ ಕೊರತೆಯೂ ಅಲ್ಲ.

ದುರ್ಗದ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಹೈದರ್ ಮತ್ತು ಟಿಪ್ಪು ಬಲಪಡಿಸಿದ ಕೋಟೆಯು 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೈನ್ಯದ ವಶವಾದುದು, ಮುಂದೆ ಕಮಿಷನರ್ ಕಬ್ಬನ್ನರ ಬೇಸಗೆಯ ಬಂಗಲೆ ಅಲ್ಲಿ ಎದ್ದುದು, 1927ರಲ್ಲಿಯೂ 1936ರಲ್ಲಿಯೂ ಗಾಂಧೀಜಿಯವರು ವಿಶ್ರಾಂತಿಗಾಗಿ ಅಲ್ಲಿ ತಂಗಿದುದು, 1986ರಲ್ಲಿ ಸಾರ್ಕ್ ರಾಷ್ಟ್ರಗಳ ನಾಯಕರು ಮೇಲೇರಿ ಬಂದುದು, ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು. ಗಮನಿಸತಕ್ಕದ್ದೆಂದರೆ, ಸೇನಾನಿಯಿಂದ ಕಮಿಷನರಿಗೆ, ಕಮಿಷನರಿಂದ ತೋಟಗಾರಿಕೆ ಇಲಾಖೆಗೆ, ಅಲ್ಲಿಂದ ಪ್ರವಾಸೋದ್ಯಮಕ್ಕೆ ಎಂಬ ಈ ಹಸ್ತಾಂತರಗಳಲ್ಲೆಲ್ಲ ಕೋಟೆಯ ಬೀಗದ ಕೈ ಒಬ್ಬ ಮೇಲಿನವನಿಂದ ಮತ್ತೊಬ್ಬ ಮೇಲಿನವನಿಗೆ ಹೋಯಿತೇ ಹೊರತು, ಬುಡದಲ್ಲಿರುವ ನಂದಿಗ್ರಾಮದವರಾಗಲಿ ಸುಲ್ತಾನ್‌ಪೇಟೆಯವರಾಗಲಿ ಅದರ ಲೆಕ್ಕವನ್ನು ಕೇಳುವ ಸ್ಥಾನದಲ್ಲಿ ಎಂದೂ ಕುಳಿತವರಲ್ಲ. ಸೈನ್ಯ ಹೋದರೂ ಸೈನ್ಯದ ಆಡಳಿತಕ್ರಮ ಹೋಗಲಿಲ್ಲ.

ಇದಕ್ಕೆ ಅತಿ ಸಮೀಪದ ಉದಾಹರಣೆ ರೋಪ್‌ವೇ. ದಶಕಗಳ ಕಾಲ ಕಡತಗಳಲ್ಲಿ ಏರುತ್ತಿಳಿಯುತ್ತಿದ್ದ ಈ ಯೋಜನೆಗೆ 2023ರ ಮಾರ್ಚ್ ತಿಂಗಳಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಶಂಕುಸ್ಥಾಪನೆ ಮಾಡಿದರು. ಉದ್ದ ಸುಮಾರು 3 ಕಿಲೋಮೀಟರು, ವೆಚ್ಚ ಸುಮಾರು 93 ಕೋಟಿ ರೂಪಾಯಿ, ಕ್ರಮ ಖಾಸಗಿ ಸಹಭಾಗಿತ್ವ. 2025ರ ಜುಲೈ 2ರಂದು ಸಚಿವಸಂಪುಟವೇ ಬೆಟ್ಟದ ಮೇಲೆ ಸಭೆ ಸೇರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರವೆಂದೂ ಬಾಗೇಪಲ್ಲಿಗೆ ಭಾಗ್ಯನಗರವೆಂದೂ ಹೊಸ ಹೆಸರನ್ನಿಡುವ ನಿರ್ಧಾರ ಕೈಗೊಂಡಿತು. ಈ ಎರಡು ಸಮಾರಂಭಗಳ ನಡುವೆ ಯಾರೂ ಹೇಳದೆ ಬಿಟ್ಟ ಒಂದು ಸಂಗತಿಯಿದೆ: 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿಯೇ ಮುಗಿದು, ಹೊಸ ಚುನಾವಣೆ ನಡೆಯದೆ, ಶಂಕುಸ್ಥಾಪನೆಯ ದಿನವಾಗಲಿ ಸಂಪುಟಸಭೆಯ ದಿನವಾಗಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಜನರಿಂದ ಆರಿಸಲ್ಪಟ್ಟ ಜಿಲ್ಲಾ ಪಂಚಾಯತಿಯೇ ಇರಲಿಲ್ಲ. ಜಿಲ್ಲಾ ಯೋಜನಾ ಸಮಿತಿಯ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಪಂಚಾಯತಿ ಮತ್ತು ಪುರಸಭೆಗಳ ಚುನಾಯಿತರಿಂದ ಬರಬೇಕೆಂದು ಸಂವಿಧಾನ ವಿಧಿಸುತ್ತದೆ. ಆರಿಸುವವರೂ ಆರಿಸಲ್ಪಡುವವರೂ ಇಲ್ಲದ ಕಡೆ ಆ ವಿಧಿಗೆ ಅರ್ಥವೆಲ್ಲಿ? ಅಬ್ದುಲ್ ನಜೀರ್ ಸಾಬರು ಕಟ್ಟಿದ ಜಿಲ್ಲಾ ಪರಿಷತ್ತಿನ ವ್ಯವಸ್ಥೆಗೆ 1987ರಲ್ಲಿ ಚುನಾವಣೆ ನಡೆಸಿ ದೇಶಕ್ಕೆ ಮೇಲ್ಪಂಕ್ತಿ ಹಾಕಿದ ರಾಜ್ಯವಿದು ಎಂಬುದನ್ನು ನೆನೆದರೆ ಸಂಕೋಚವಾಗುತ್ತದೆ.

ಈಗ ಒಂದು ಚಿಕ್ಕ ವಿಧಾನವನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ; ಬೆಟ್ಟದ ಕೀರ್ತಿಯು ಎಷ್ಟರಮಟ್ಟಿಗೆ ಉಬ್ಬಿದುದೋ ಅಷ್ಟರಮಟ್ಟಿಗೆ ಈ ವಿಧಾನವು ಉಪೇಕ್ಷಿತವಾದುದು. ಗ್ರಾಮ ಪಂಚಾಯತಿಯ ಜಮಾಬಂದಿಯೆಂದರೆ ನಮ್ಮ ವಿದ್ಯಾವಂತರಿಗೆ ನಗೆ ಬರುತ್ತದೆ. ಒಂದು ಶಾಮಿಯಾನ, ಒಂದು ಬ್ಯಾನರು, ತಾಲ್ಲೂಕಿನಿಂದ ಬಂದ ಅಧಿಕಾರಿ, ಬೆವರುತ್ತಿರುವ ಪಿಡಿಒ, ಹಿಂದಿನ ಸಾಲಿನಲ್ಲಿ ಗೊಣಗುವ ನಾಲ್ಕು ಜನ: ಹೊರಗಿನಿಂದ ಕಾಣುವುದು ಇಷ್ಟೆ. ಆದರೆ ಅದರ ರಚನೆಯನ್ನು ಗಮನಿಸಿರಿ. ಪ್ರತಿವರ್ಷ ಆಗಸ್ಟ್-ಸೆಪ್ಟೆಂಬರಿನ ಹೊತ್ತಿಗೆ, ಮುಂಚಿತವಾಗಿ ಸಾರಿದ ದಿನದಂದು, ಕಳೆದ ಆರ್ಥಿಕ ವರ್ಷದ ಜಮೆಯನ್ನೂ ಖರ್ಚನ್ನೂ ಓದುತ್ತಾರೆ. ಆ ಓದು ಮುಗಿದ ಮೇಲೆ, ಅಥವಾ ಅದಕ್ಕೆ ಮೊದಲು, ಕಾಮಗಾರಿ ನಡೆದಿದೆಯೆಂದು ಬರೆದಿರುವ ಸ್ಥಳಕ್ಕೆ ಹೋಗಿ, ಅಳತೆ ಪುಸ್ತಕದಲ್ಲಿರುವ ಚರಂಡಿಯನ್ನು ನೆಲದ ಮೇಲಿರುವ ಚರಂಡಿಯೊಂದಿಗೆ ಹೋಲಿಸುತ್ತಾರೆ. ಕೊನೆಗೆ ಆ ಚರಂಡಿಯ ಪಕ್ಕದ ಮನೆಯವನು ಎದ್ದುನಿಂತು ಪ್ರಶ್ನಿಸಬಹುದು. ಕಾಗದ, ಸ್ಥಳ, ಸಾಕ್ಷಿ ಮೂರೂ ಒಂದೇ ದಿನ ಒಂದೆಡೆ ಕೂಡುವ ಈ ಏರ್ಪಾಡಿನಲ್ಲಿ ಲೆಕ್ಕಪರಿಶೋಧಕನಿಗೆ ಕಾಣದ ಒಂದು ಅಂಶ ಸೇರಿಕೊಂಡಿದೆ. ಪರಿಶೋಧಕನು ವೋಚರು ಸರಿಯಿದೆಯೆ ಎಂದು ನೋಡುತ್ತಾನೆ. ನೆರೆಯವನು, ಮಳೆ ಬಂದಾಗ ನೀರು ಎತ್ತ ಹರಿಯಿತೆಂಬುದನ್ನು ನೋಡಿರುತ್ತಾನೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತಂದ ರೈತನ ಕಣ್ಣೆದುರಿಗೇ ತೂಕವೂ ಹರಾಜೂ ನಡೆಯುವಂತೆ, ಇಲ್ಲಿಯೂ ಮೌಲ್ಯವು ನಿರ್ಣಯವಾಗುವುದು ಅದರ ಫಲವನ್ನು ಅನುಭವಿಸುವವನ ಸಮಕ್ಷಮದಲ್ಲಿ.

ಇಂಥ ಜಮಾಬಂದಿಯು ನಂದಿ ಗ್ರಾಮದಲ್ಲಿ ಕೆಲವು ಸಾವಿರ ರೂಪಾಯಿಯ ಮೋರಿಗೆ ಅನ್ವಯಿಸುತ್ತದೆ. ಅದೇ ಗ್ರಾಮದ ತಲೆಯ ಮೇಲೆ ಏಳಬೇಕಾದ 93 ಕೋಟಿಯ ಕಾಮಗಾರಿಗೆ ಅನ್ವಯಿಸುವುದಿಲ್ಲ. 2021ರ ಆಗಸ್ಟಿನ ಭಾರಿ ಮಳೆಯಲ್ಲಿ ಬ್ರಹ್ಮಗಿರಿಯ ಪಾರ್ಶ್ವದಿಂದ ಮಣ್ಣೂ ಬಂಡೆಯೂ ಜಾರಿ ಬೆಟ್ಟದ ರಸ್ತೆ ಕಡಿದುಹೋಗಿ, ಡಿಸೆಂಬರಿನವರೆಗೆ ಪ್ರವಾಸಿಗರ ಪ್ರವೇಶ ನಿಂತುಹೋಯಿತಷ್ಟೆ. ಆ ರಸ್ತೆಯನ್ನು ಮರಳಿ ಕಟ್ಟಿದವರು ತಮ್ಮ ಇಲಾಖೆಗೆ ಲೆಕ್ಕ ಕೊಟ್ಟಿರಬಹುದು. ಆದರೆ ಇಳಿಜಾರಿನ ನೀರನ್ನು ಈಗ ಯಾವ ಕಡೆಗೆ ತಿರುಗಿಸಲಾಗಿದೆ, ಮುಂದಿನ ಭಾರಿ ಮಳೆಗೆ ಯಾರ ಹೊಲ ಅದರ ದಾರಿಯಲ್ಲಿದೆ, ಬೆಟ್ಟ ಮುಚ್ಚಿದ ತಿಂಗಳುಗಳಲ್ಲಿ ಜೋಳ ಸುಟ್ಟು ಮಾರುವವನ ಗತಿಯೇನಾಯಿತು ಎಂಬ ಪ್ರಶ್ನೆಗಳನ್ನು ಯಾವ ಸಭೆಯಲ್ಲಿ ಕೇಳಬೇಕೆಂಬುದಕ್ಕೆ ನಮ್ಮ ಕ್ರಮದಲ್ಲಿ ಉತ್ತರವಿಲ್ಲ. ವಾರಾಂತ್ಯಕ್ಕೆ ಬೆಟ್ಟವನ್ನು ಮುಚ್ಚುವ ಆಜ್ಞೆಯೂ ತೆರೆಯುವ ಆಜ್ಞೆಯೂ ಜಿಲ್ಲಾಧಿಕಾರಿಯ ಕಚೇರಿಯಿಂದ ಹೊರಡುತ್ತವೆ. ಕೆಳಗಿನವರು ಅವನ್ನು ಪತ್ರಿಕೆಯಲ್ಲಿ ಓದಿ ತಿಳಿಯುತ್ತಾರೆ.

ದೋಷವು ಕೇವಲ ಅಧಿಕಾರಿಗಳದಲ್ಲ, ಶಾಸನದ ವಿನ್ಯಾಸದಲ್ಲಿಯೂ ಇದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳನ್ನು ಎಣಿಸುತ್ತದೆ: ಕೃಷಿ, ರಸ್ತೆ, ಕುಡಿಯುವ ನೀರು, ಸಂತೆ-ಜಾತ್ರೆ, ಸಾಂಸ್ಕೃತಿಕ ಚಟುವಟಿಕೆ, ಕಟ್ಟಕಡೆಗೆ ಸಮುದಾಯದ ಆಸ್ತಿಗಳ ಸಂರಕ್ಷಣೆ. ಪ್ರವಾಸೋದ್ಯಮವೂ ಇಲ್ಲ, ಉದ್ಯಾನವೂ ಇಲ್ಲ, ಭೂಬಳಕೆಯ ನಿಯಂತ್ರಣವೂ ಇಲ್ಲ. ನಗರಸಂಸ್ಥೆಗಳಿಗಾಗಿ ರಚಿತವಾದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಉದ್ಯಾನವೂ ಭೂಬಳಕೆಯೂ ಸ್ಪಷ್ಟವಾಗಿ ಬಂದಿವೆ. ಎಂದರೆ, ಚಿಕ್ಕಬಳ್ಳಾಪುರದ ಪೇಟೆಯೊಳಗಿನ ಒಂದು ಪಾರ್ಕನ್ನು ನಗರಸಭೆಯ ಪರಿಧಿಗೆ ತರಲು ಸಂವಿಧಾನವು ದಾರಿ ತೋರಿಸುತ್ತದೆ. ಅಲ್ಲಿಂದ ಕೆಲವೇ ಮೈಲಿಯ ದೂರದಲ್ಲಿರುವ ಬೆಟ್ಟದ ಉದ್ಯಾನವು ಹಳ್ಳಿಯ ಎಲ್ಲೆಯಲ್ಲಿದೆಯೆಂಬ ಏಕಮಾತ್ರ ಕಾರಣದಿಂದ ಆ ದಾರಿಯಿಂದ ಹೊರಗುಳಿಯುತ್ತದೆ. ಸೇನೆಯ ನೆಲ ಪೌರಾಡಳಿತಕ್ಕೆ ಬಂದ ನಿದರ್ಶನ ನಮ್ಮಲ್ಲಿಲ್ಲವೆಂದಲ್ಲ: ಬೆಂಗಳೂರಿನ ದಂಡು ಪ್ರದೇಶವು 1947ರಲ್ಲಿ ಮೈಸೂರಿಗೆ ಹಿಂತಿರುಗಿ, 1949ರಲ್ಲಿ ಹಳೆಯ ನಗರದೊಡನೆ ಒಂದೇ ಕಾರ್ಪೊರೇಷನ್ನಿನ ಅಡಿಗೆ ಬಂದಿತು. ಸೈನ್ಯದ ಬೀದಿಗಳಿಗೆ ಪೌರಸದಸ್ಯರು ಉತ್ತರವಾದಿಗಳಾದರು. ನಂದಿದುರ್ಗಕ್ಕೆ ಆ ಭಾಗ್ಯ ಒದಗಲಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಒಂದು ವರ್ಗದ ವಿಮರ್ಶಕರು ತಾಳ್ಮೆಗೆಡುತ್ತಾರೆ. ಇವರು ಬಹುಮಟ್ಟಿಗೆ ಬೆಂಗಳೂರಿನವರು. ರೋಪ್‌ವೇಯನ್ನು ವಿರೋಧಿಸುವವರು, ಆ ಮಟ್ಟಿಗೆ ನನ್ನ ನೆರೆಹೊರೆಯವರೇ. ಇವರ ವಾದವಿದು: ಇಲಾಖೆಯವರ ಕೈಯಲ್ಲಿ ಬೆಟ್ಟ ಕುಂಟುತ್ತಲಾದರೂ ಉಳಿದಿದೆ, ಪಂಚಾಯತಿಯ ಕೈಗೆ ಸಿಕ್ಕರೆ ಕಲ್ಲುಗಣಿಯೂ ರೆಸಾರ್ಟೂ ಆಗಿ ಕರಗಿಹೋದೀತು. ಗ್ರಾಮಸ್ಥರ ಲೋಭದ ಬಗ್ಗೆ ಇವರಿಗಿರುವ ಜ್ಞಾನ ಅಪಾರ. ಆದರೆ ಕಲ್ಲುಗಣಿಯ ಗುತ್ತಿಗೆ ನೀಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ, ಕೃಷಿಭೂಮಿಯ ಪರಿವರ್ತನೆಗೆ ಅಪ್ಪಣೆ ಕೊಡುವುದು ಜಿಲ್ಲಾಧಿಕಾರಿ, ಎಂಬ ಸಾಮಾನ್ಯ ಸಂಗತಿಯ ಬಗ್ಗೆ ಇವರು ಮೌನವಾಗಿರುತ್ತಾರೆ. 2021ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಮಡಿದಾಗ, ಸ್ಫೋಟಕಗಳ ಪರವಾನಗಿಯ ಮೇಲ್ವಿಚಾರಣೆ ಯಾವ ಗ್ರಾಮ ಪಂಚಾಯತಿಯ ಕೈಯಲ್ಲಿಯೂ ಇರಲಿಲ್ಲ. ಜಿಲ್ಲೆಯ ಗುಡ್ಡಗಳನ್ನು ಕರಗಿಸಿದ ಅಪ್ಪಣೆಗಳೆಲ್ಲ ಮೇಲಿನಿಂದ ಇಳಿದು ಬಂದವು. ಅಪವಾದ ಮಾತ್ರ ಕೆಳಗಿನವರ ಪಾಲಿಗೆ ಉಳಿಯಿತು.

ಇದೇ ವಿಮರ್ಶಕರಿಗೆ ಪ್ರಿಯವಾದ ಉಪಮಾನ ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ. ಆ ಹಳೆಯ ಸೇನಾನೆಲೆಯ ಸೌಂದರ್ಯವನ್ನು ನಾನೂ ನಿರಾಕರಿಸುವುದಿಲ್ಲ. ಆದರೆ ಅದನ್ನು ಆಳುವ ಟ್ರಸ್ಟಿನ ಏಳು ಜನರಲ್ಲಿ ಆರು ಮಂದಿ ಅಮೆರಿಕದ ಅಧ್ಯಕ್ಷನಿಂದ ನೇಮಿತರಾದವರು. ನೆರೆಯ ನಗರದ ಮತದಾರನಿಗೆ ಅಲ್ಲಿ ಆಸನವಿಲ್ಲ. ಅದೇ ಕ್ಯಾಲಿಫೋರ್ನಿಯದಲ್ಲಿ 1994ರಲ್ಲಿ ಮುಚ್ಚಿದ ಫೋರ್ಟ್ ಆರ್ಡ್ ನೆಲೆಗೆ ಸುತ್ತಣ ಊರುಗಳ ಮತ್ತು ಕೌಂಟಿಯ ಪ್ರತಿನಿಧಿಗಳನ್ನು ಕೂಡಿಸಿ ಪ್ರಾಧಿಕಾರವೊಂದನ್ನು ರಚಿಸಿದ್ದರು. ಅದು 2020ರಲ್ಲಿ ವಿಸರ್ಜಿತವಾಗುವವರೆಗೆ ಜಗಳವಾಡುತ್ತಲೇ ಕಾಲ ಕಳೆಯಿತೆಂದು ಇವರು ಮೂಗು ಮುರಿಯುತ್ತಾರೆ. ಜಗಳವಾಡಿತು, ಒಪ್ಪಿದೆ, ನೀರಿನ ವಿಷಯದಲ್ಲಿ, ಮನೆಗಳ ವಿಷಯದಲ್ಲಿ, ರಸ್ತೆಯ ವಿಷಯದಲ್ಲಿ ಬಹಿರಂಗವಾಗಿ ಜಗಳವಾಡಿತು. ನಂದಿಯಲ್ಲಿ ಕಲಹವಿಲ್ಲವೆಂಬುದನ್ನು ಸುಶಾಸನದ ಚಿಹ್ನೆಯೆಂದು ಬಗೆಯುವವರು, ಕಲಹಕ್ಕೆ ಸ್ಥಳವೇ ಇಲ್ಲದಿರುವ ಸಾಧ್ಯತೆಯನ್ನು ಏಕೆ ಪರಿಗಣಿಸುವುದಿಲ್ಲವೋ ತಿಳಿಯದು.

ಪ್ರತಿಪಕ್ಷಕ್ಕೆ ಸಲ್ಲತಕ್ಕದ್ದನ್ನೂ ಸಲ್ಲಿಸಬೇಕು. ತೋಟಗಾರಿಕೆಯವರು ಬೆಳೆಸಿದ ಮರಗಳು ಸತ್ಯವಾದವು. ಜಮಾಬಂದಿಗಳು ಅನೇಕ ಕಡೆ ಫೋಟೋ ತೆಗೆಸಿಕೊಳ್ಳುವ ಆಚರಣೆಯಾಗಿ ಮುಗಿಯುತ್ತವೆಂಬುದೂ ಸತ್ಯ. ಚಿಂತಾಮಣಿಯ ರಹಮಾನ್‌ಗಡ, ಅಂಬಾಜಿದುರ್ಗಗಳು ಯಾವ ಯೋಜನೆಯೂ ಇಲ್ಲದೆ ಹಾಳುಬಿದ್ದಿರುವುದನ್ನು ಕಂಡವರಿಗೆ, ಯಾರಾದರೂ ಏನಾದರೂ ಮಾಡಲಿ ಎನ್ನಿಸುವುದು ಸಹಜ. ಆದರೆ ದುರ್ಬಲವಾಗಿ ನಡೆಯುವ ವಿಚಾರಣೆಗೆ ಪರಿಹಾರ ಅದನ್ನು ಬಲಪಡಿಸುವುದೇ ಹೊರತು, ದೊಡ್ಡ ಮೊತ್ತಗಳನ್ನು ಅದರ ಕಣ್ಣಿನಿಂದ ಮರೆಮಾಡುವುದಲ್ಲ.

ಆದುದರಿಂದ ರೋಪ್‌ವೇ ಬೇಕೆ ಬೇಡವೆ ಎಂಬ ಚರ್ಚೆಯು ನನ್ನ ದೃಷ್ಟಿಯಲ್ಲಿ ಎರಡನೆಯದು. ಮೊದಲನೆಯದು, ಬೆಟ್ಟದ ಮೇಲಿನ ಪ್ರತಿಯೊಂದು ಕರಾರು, ಪ್ರವೇಶಶುಲ್ಕ ಮತ್ತು ವಾಹನಶುಲ್ಕದ ಜಮೆ, ಇಳಿಜಾರಿನಲ್ಲಿ ನಡೆಯುವ ಪ್ರತಿಯೊಂದು ಅಗೆತ ಇವುಗಳನ್ನು ನಂದಿ ಗ್ರಾಮದಲ್ಲಿ ವರ್ಷಕ್ಕೊಮ್ಮೆ ಬಹಿರಂಗವಾಗಿ ಓದಿ, ಸ್ಥಳಕ್ಕೆ ಹೋಗಿ ತೋರಿಸಿ, ಪ್ರಶ್ನೆಗೆ ಲಿಖಿತ ಉತ್ತರ ಕೊಡತಕ್ಕದ್ದೆಂಬ ನಿಯಮ. ಆ ಸಭೆಗೆ ಗೌರಿಬಿದನೂರಿನವರೂ ಬರಲಿ. ಅವರ ಊರಿನ ಮಗ್ಗುಲಲ್ಲಿ ಹರಿಯುವ ಉತ್ತರ ಪಿನಾಕಿನಿ ಈ ಗಿರಿಶ್ರೇಣಿಯಲ್ಲಿಯೇ ಹುಟ್ಟುವುದರಿಂದ ಅವರ ಹಕ್ಕು ಪ್ರವಾಸಿಯ ಹಕ್ಕಿಗಿಂತ ಹಿರಿದು. ಅದಕ್ಕೂ ಮೊದಲು ಜಿಲ್ಲಾ ಪಂಚಾಯತಿಗೆ ಚುನಾವಣೆ ನಡೆಯಬೇಕು. ಇವೆರಡೂ ಆಗುವವರೆಗೆ ನಂದಿದುರ್ಗದ ಪುನರುಜ್ಜೀವನವೆಂಬುದನ್ನು ಒಂದು ಸುಂದರವಾದ ಆಕ್ರಮಣವೆಂದು ಕರೆಯುವುದಕ್ಕೆ ನಾನು ಹಿಂಜರಿಯುವುದಿಲ್ಲ.