ಮೀನಿನ ಮರಿಯ ವ್ಯಾಪಾರ ಮತ್ತು ಶ್ರಾವಕನ ಲೆಕ್ಕಪುಸ್ತಕ

ಗೃಹಸ್ಥನಿಗೆ ಉದ್ಯೋಗವು ಅನಿವಾರ್ಯ. ಉದ್ಯೋಗವಿದ್ದಲ್ಲಿ ಅಲ್ಪಸ್ವಲ್ಪ ಹಿಂಸೆಯೂ ತಪ್ಪದು. ಇದನ್ನರಿತೇ ನಮ್ಮ ಆಚಾರ್ಯರು ಶ್ರಾವಕನಿಗೆ ಮಹಾವ್ರತವನ್ನು ವಿಧಿಸದೆ ಅಣುವ್ರತವನ್ನು ವಿಧಿಸಿದರು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಪೂರ್ಣವಾಗಿ ತ್ಯಜಿಸಬೇಕೆಂದೂ ಉಳಿದವನ್ನು ಯಥಾಶಕ್ತಿ ತಗ್ಗಿಸಬೇಕೆಂದೂ ತಿಳಿಸಿದರು. ಹೊಸದೊಂದು ಉದ್ಯೋಗ ನಮ್ಮ ಮನೆಬಾಗಿಲಿಗೆ ಬಂದಾಗ ಅದು ಯಾವ ಪಂಕ್ತಿಗೆ ಸೇರುತ್ತದೆಂದು ಪರೀಕ್ಷಿಸುವುದು ಶ್ರಾವಕನ ಮೊದಲ ಕರ್ತವ್ಯ.

ಆಫ್ರಿಕಾದ ಸಿಕ್ಲಿಡ್ ಜಾತಿಯ ಮೀನುಗಳನ್ನು ಮನೆಯಲ್ಲಿ ಮರಿಮಾಡಿಸಿ ಮಾರುವುದು ಅಂಥ ಒಂದು ಉದ್ಯೋಗ. ಮಲಾವಿ, ಟಾಂಗನಿಕಾ, ವಿಕ್ಟೋರಿಯಾ ಸರೋವರಗಳು ಈ ಮೀನುಗಳ ತವರು. ಮಲಾವಿ ಸರೋವರವೊಂದರಲ್ಲಿಯೇ ಇವುಗಳಲ್ಲಿ 800ಕ್ಕೂ ಹೆಚ್ಚು ಬಗೆಗಳಿವೆಯೆಂದು ಅಂದಾಜು. ಕಡು ಹಳದಿ, ಕಡು ನೀಲಿ ಬಣ್ಣಗಳಿಂದಾಗಿ ಇವು ಲೋಕದಾದ್ಯಂತ ಗಾಜಿನ ತೊಟ್ಟಿಗಳನ್ನು ಸೇರಿವೆ. ಅಲಂಕಾರಿಕ ಮೀನುಗಳಿಗೆ ಹೆಸರಾದ ಚೆನ್ನೈನ ಕೊಳತ್ತೂರಿನಲ್ಲಿಯೂ ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿಯೂ ಇವು ದೊರೆಯುತ್ತವೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಮನೆಯಂಗಳದ ಅಲಂಕಾರಿಕ ಮೀನು ಸಾಕಣೆಗೂ ಸಹಾಯಧನವನ್ನು ಗೊತ್ತುಪಡಿಸಿತು. ಇದು ಮಾಂಸದ ವ್ಯಾಪಾರವಲ್ಲ, ಇಲ್ಲಿ ಕೊಲ್ಲುವುದಿಲ್ಲ, ಹುಟ್ಟಿಸುತ್ತೇವೆ, ಆದ್ದರಿಂದ ಜೈನರ ಮನೆಗೂ ಒಪ್ಪುತ್ತದೆ ಎಂಬ ವಾದವೂ ಹುಟ್ಟಿಕೊಂಡಿದೆ. ಈ ವಾದವು ಪರೀಕ್ಷೆಯಲ್ಲಿ ನಿಲ್ಲುತ್ತದೆಯೇ ಎಂಬುದೇ ಪ್ರಸ್ತುತ ವಿಚಾರ.

ಮೊದಲು 'ಹುಟ್ಟಿಸುವುದು' ಎಂಬ ಮಾತನ್ನು ನೋಡೋಣ. ಮಲಾವಿಯ ಈ ಮೀನುಗಳಲ್ಲಿ ತಾಯಿಯು ಮೊಟ್ಟೆಯಿಟ್ಟ ಕೂಡಲೇ ಅವನ್ನು ತನ್ನ ಬಾಯೊಳಗೆ ತೆಗೆದುಕೊಳ್ಳುತ್ತದೆ. ಸುಮಾರು ಮೂರು ವಾರ ಬಾಯಲ್ಲಿಯೇ ಇಟ್ಟು ಕಾಯುತ್ತದೆ. ಆ ಕಾಲದಲ್ಲಿ ಅದು ಆಹಾರವನ್ನು ಬಹುಮಟ್ಟಿಗೆ ತೊರೆದಿರುತ್ತದೆ. ತಿರ್ಯಂಚ ಗತಿಯ ಜೀವಿಯೊಂದು ಸಂತಾನಕ್ಕಾಗಿ ಇಷ್ಟು ದಿನ ಉಪವಾಸವಿರುವುದನ್ನು ಕಂಡವನಿಗೆ ಪಂಚೇಂದ್ರಿಯ ಜೀವವೆಂದರೇನೆಂಬುದನ್ನು ಶಾಸ್ತ್ರದಿಂದ ತಿಳಿಸಬೇಕಾಗಿಲ್ಲ. ಆದರೆ ಮಾರುವವನಿಗೆ ಮೂರು ವಾರವು ದೀರ್ಘ. ತಾಯಿಯು ಬೆದರಿ ಮರಿಗಳನ್ನು ಉಗುಳಿದರೆ ಇತರ ಮೀನುಗಳು ತಿಂದುಬಿಡುತ್ತವೆ, ಅದು ನಷ್ಟ. ಆದ್ದರಿಂದ ತಾಯಿಯನ್ನು ಕೈಯಲ್ಲಿ ಹಿಡಿದು, ದವಡೆಯನ್ನು ಬಲವಂತವಾಗಿ ತೆರೆದು, ನೀರಿನಲ್ಲಿ ಅಲುಗಾಡಿಸಿ ಮರಿಗಳನ್ನು ಹೊರಗೆ ಉದುರಿಸುತ್ತಾರೆ. ಅವನ್ನು ನೀರು ತಿರುಗಿಸುವ ಪಾತ್ರೆಯಲ್ಲಿ ಬೆಳೆಸಿ, ತಾಯಿಯನ್ನು ಬೇಗನೆ ಮುಂದಿನ ಸಲಕ್ಕೆ ಅಣಿಗೊಳಿಸುತ್ತಾರೆ. ಇದು ಕ್ರೂರಿಗಳ ಕೆಲಸವೆಂದಲ್ಲ. ಈ ಕಸುಬಿನಲ್ಲಿ ಇದು ವಾಡಿಕೆಯ ಕ್ರಮ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳುತ್ತದೆ. ಇವುಗಳಲ್ಲಿ ಪ್ರಾಣವಿಯೋಗವು ಅನಿವಾರ್ಯವಲ್ಲವೆಂಬುದು ಗಮನಾರ್ಹ. ಕೊಲ್ಲಲಿಲ್ಲವೆಂಬ ಮಾತ್ರಕ್ಕೆ ವ್ರತವು ನಿರ್ದೋಷವಾಗುವುದಿಲ್ಲ. ಸರೋವರದ ಜೀವಿಯನ್ನು ನಾಲ್ಕಡಿ ಗಾಜಿನಲ್ಲಿ ಇಡುವುದು ಬಂಧ. ಸಾಗಣೆಯ ಚೀಲದ ನೀರು ಕೆಡಬಾರದೆಂದು ಒಂದೆರಡು ದಿನ ಉಪವಾಸ ಕೆಡವುವುದು ಅನ್ನಪಾನನಿರೋಧ. ಬಿಡುವಿಲ್ಲದೆ ಗರ್ಭಭಾರವನ್ನು ಹೊರಿಸುವುದನ್ನು ಅತಿಭಾರವೆನ್ನದೆ ಬೇರೇನೆನ್ನೋಣ?

ಇನ್ನು ಕೊಲ್ಲುವುದಿಲ್ಲವೆಂಬ ಮಾತೂ ನಿಜವಲ್ಲ. ಎಳೆಯ ಮರಿಗಳಿಗೆ ಆರ್ಟೀಮಿಯಾ ಎಂಬ ಸೂಕ್ಷ್ಮ ಜಲಜೀವಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಒಡೆಯಿಸಿ, ಜೀವಂತವಾಗಿ, ದಿನಕ್ಕೆ ಸಾವಿರಾರು ಸಂಖ್ಯೆಯಲ್ಲಿ ಉಣಿಸುವ ರೂಢಿಯಿದೆ. ದೊಡ್ಡವುಗಳಿಗೆ ಕೊಡುವ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಮೀನಿನ ಪುಡಿಯೇ ಮುಖ್ಯ. ಅನೇಕ ಬಗೆಗಳಲ್ಲಿ ಗಂಡಿಗೆ ಮಾತ್ರ ಬಣ್ಣ, ಹೆಣ್ಣು ಮಾಸಲು. 'ಪೀಕಾಕ್' ಎಂಬ ಗುಂಪಿನಲ್ಲಿ ಹೆಣ್ಣುಗಳು ಕಂದು ಬಣ್ಣದವು. ಗಿರಾಕಿ ಅವನ್ನು ಕೇಳುವುದಿಲ್ಲ. ಕೇಳದವುಗಳ, ವಕ್ರವಾಗಿ ಹುಟ್ಟಿದವುಗಳ ಗತಿಯೇನು? ಲವಂಗದ ಎಣ್ಣೆಯಿಂದ ಮುಗಿಸುವುದು ಅಥವಾ ಬೇಟೆಮೀನಿಗೆ ಆಹಾರವಾಗಿ ಹಾಕುವುದು ಈ ಕಸುಬಿನಲ್ಲಿ ನಡೆದುಬಂದಿದೆ. ಇದನ್ನು ಉದ್ಯೋಗೀ ಹಿಂಸೆಯೆಂದು ಕ್ಷಮಿಸಲಾಗದು. ಹೊಲ ಉಳುವಾಗ ಹುಳು ಸತ್ತರೆ ರೈತನ ಉದ್ದೇಶ ಅದಲ್ಲ. ಇಲ್ಲಿಯಾದರೋ, ಜೋಡಿಯನ್ನು ಕೂಡಿಸುವ ದಿನವೇ ಮರಿಗಳಲ್ಲಿ ಒಂದು ಪಾಲು ಬೇಡವಾಗುವುದೆಂದು ಬಲ್ಲವನೇ ಕೂಡಿಸುತ್ತಾನೆ. ಬಲ್ಲುದೇ ಸಂಕಲ್ಪಕ್ಕೆ ಸಮೀಪ.

ಬಣ್ಣವಿಲ್ಲದವಕ್ಕೆ ಹಾರ್ಮೋನು ಬೆರೆಸಿದ ಆಹಾರ ತಿನ್ನಿಸಿ ಬಣ್ಣ ಬರಿಸುವವರೂ, ಬೆರಕೆ ತಳಿಯನ್ನು ಶುದ್ಧ ತಳಿಯೆಂದು ಮಾರುವವರೂ ಇದ್ದಾರೆ. ಇದು ಅಚೌರ್ಯಾಣುವ್ರತದ ಅತಿಚಾರಗಳಲ್ಲೊಂದಾದ ಪ್ರತಿರೂಪಕ ವ್ಯವಹಾರ. ಹೆಚ್ಚು ಹೇಳಬೇಕಾಗಿಲ್ಲ.

ಈಗ ಲಾಭದ ಮಾತು. ಈ ಲೇಖಕನು ನಾಲ್ಕು ದಶಕಗಳ ಕಾಲ ಜಮಾಖರ್ಚು ಬರೆದವನು. ಲೆಕ್ಕವನ್ನು ಲೆಕ್ಕದಿಂದಲೇ ಅಳೆಯುವುದು ಅವನ ಅಭ್ಯಾಸ. ಒಂದು ಗಂಡು, ಆರು ಹೆಣ್ಣುಗಳೆಂದಿಟ್ಟುಕೊಳ್ಳೋಣ. ಪ್ರತಿಯೊಂದು ಹೆಣ್ಣು ಎರಡು ತಿಂಗಳಿಗೊಮ್ಮೆ 20 ಮರಿ ಕೊಟ್ಟರೆ ವರ್ಷಕ್ಕೆ 720 ಮರಿ. ಒಂದು ಮನೆಯ ತೊಟ್ಟಿಗೆ 20ರಂತೆ ಪ್ರತಿವರ್ಷ 36 ಹೊಸ ಮನೆಗಳು ಬೇಕು. ಚೆನ್ನಾಗಿ ನೋಡಿಕೊಂಡರೆ ಈ ಮೀನುಗಳು ಆರೆಂಟು ವರ್ಷ ಬದುಕಬಲ್ಲವು. ಹಾಗಾದರೆ ಏಳು ವರ್ಷಗಳಲ್ಲಿ ಒಬ್ಬನ ಮರಿಗಳಿಗೇ 252 ಮನೆಗಳು ಬೇಕು. ಅಷ್ಟರಲ್ಲಿ ಆ ಮನೆಗಳಲ್ಲಿಯೂ ಮೀನುಗಳು ಮರಿಮಾಡುತ್ತಿರುತ್ತವೆ. ಊರೊಂದರಲ್ಲಿ ಹೀಗೆ ಹತ್ತು ಮಂದಿಯಿದ್ದರೆ ಮಾರಾಟ ಹೇಗೆ ಸಾಗೀತು? ಕೊಂಡವರ ಮನೆಯಲ್ಲಿ ಮೀನುಗಳು ಬೇಗ ಸಾಯುತ್ತಿದ್ದರೆ ಮಾತ್ರ. ಅದೇ ಗಿರಾಕಿ ಆರು ತಿಂಗಳಲ್ಲಿ ಮತ್ತೆ ಬಂದರೆ ಮಾತ್ರ. ಈ ವ್ಯಾಪಾರದ ಜಮಾ ಅಂಕಣವು ಅಕಾಲ ಮರಣದ ಮೇಲೆ ನಿಂತಿದೆ; ಆದರೆ ಮರಣಕ್ಕೆ ಪುಸ್ತಕದಲ್ಲಿ ಅಂಕಣವೇ ಇಲ್ಲ. ಖರ್ಚನ್ನು ಬರೆಯದೆ ಲಾಭ ತೋರಿಸುವ ಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಿಂದ ಕರ್ಮಾಸ್ರವವೆಂದು ನಂಬಿದ ನಾವು ಒಪ್ಪಬಹುದೇ?

ಎದುರು ಪಕ್ಷದ ಒಂದು ವಾದಕ್ಕೆ ನ್ಯಾಯ ಸಲ್ಲಬೇಕು. ಮಲಾವಿಯ ಚಿಜುಮುಲು ದ್ವೀಪದ ಸಮೀಪದ ಒಂದೇ ಒಂದು ನೀರೊಳಗಿನ ಬಂಡೆದಿಬ್ಬದಲ್ಲಿ ವಾಸಿಸುವ 'ಸೌಲೋಸಿ' ಎಂಬ ಮೀನು, ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಅಳಿವಿನ ಅಂಚಿಗೆ ಬಂದಿತು. ವಿಕ್ಟೋರಿಯಾ ಸರೋವರಕ್ಕೆ ತಂದುಬಿಟ್ಟ ನೈಲ್ ಪರ್ಚ್ ಎಂಬ ದೊಡ್ಡ ಮೀನಿನಿಂದ ಅಲ್ಲಿನ ನೂರಾರು ಬಗೆಗಳು ಕುಸಿದವು; ಕೆಲವು ಇಂದು ತೊಟ್ಟಿಗಳಲ್ಲಿಯೇ ಉಳಿದಿವೆ. ಅಂಥವನ್ನು ಶ್ರದ್ಧೆಯಿಂದ ಸಾಕಿ ಉಳಿಸುವವನ ಕಾರ್ಯವನ್ನು ಹಳಿಯಲಾಗದು. ಆದರೆ ಅವನು ಎಣಿಸುವುದು ತಳಿಯನ್ನು, ಹಣವನ್ನಲ್ಲ. ಅಷ್ಟೇ ಮರಿಗಳನ್ನು ಮಾಡಿಸಿ ನಿಲ್ಲಿಸಬಲ್ಲನು. ಮಾರುವವನು ನಿಲ್ಲಿಸಲಾರನು. ಸಂರಕ್ಷಕನ ಪುಣ್ಯವನ್ನು ವ್ಯಾಪಾರಿಯ ಖಾತೆಗೆ ಜಮಾ ಮಾಡುವುದು ಸರಿಯಲ್ಲ.

ಹೈನುಗಾರಿಕೆಯಲ್ಲಿಯೂ ಇಂಥ ದೋಷಗಳಿಲ್ಲವೇ ಎಂದು ಕೇಳುವವರಿದ್ದಾರೆ. ಇವೆ, ಅವನ್ನೂ ವಿಚಾರಿಸಬೇಕು. ಆದರೆ ಒಂದು ದೋಷವು ಇನ್ನೊಂದಕ್ಕೆ ರಹದಾರಿಯಾಗದು. ಅಲ್ಲದೆ ಇಲ್ಲಿ ಆಹಾರದ ಅಗತ್ಯವೂ ಇಲ್ಲ, ಇರುವುದು ನೇತ್ರಸುಖವೊಂದೇ.

ಬಸದಿಗಳ ಆಡಳಿತ ಮಂಡಳಿಗಳಿಗೆ ಒಂದು ವಿಜ್ಞಾಪನೆ. ಮಾರಾಟವಾಗದ ಮೀನುಗಳನ್ನು ಜೀವದಯೆಯ ಹೆಸರಿನಲ್ಲಿ ಬಸದಿಯ ಕೆರೆಗೆ ಬಿಡಲು ಯಾರಾದರೂ ಬಂದರೆ ದಯವಿಟ್ಟು ಒಪ್ಪಬೇಡಿ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೂಡ ಆಫ್ರಿಕಾದ ಸಿಕ್ಲಿಡ್ ಕುಲದ್ದೇ. ಅದು ಕೆರೆಕೊಳಗಳಲ್ಲಿ ಹಬ್ಬಿ ನಾಡಮೀನುಗಳ ನೆಲೆಯನ್ನು ಕಸಿಯಿತು. ಒಂದು ಜೀವಕ್ಕೆ ಅಭಯವಿತ್ತು ನೂರಕ್ಕೆ ಭಯ ತರುವುದು ಅಭಯದಾನವಲ್ಲ.

ಈಗಾಗಲೇ ಈ ಮೀನುಗಳನ್ನು ಸಾಕಿರುವ ಕುಟುಂಬಗಳು ಎದೆಗುಂದಬೇಕಾಗಿಲ್ಲ. ಗಂಡು ಹೆಣ್ಣುಗಳನ್ನು ಬೇರ್ಪಡಿಸಿ, ಹೊಸತನ್ನು ಕೊಳ್ಳದೆ, ಇರುವವುಗಳಿಗೆ ಸಾಕಷ್ಟು ಸ್ಥಳ ಮತ್ತು ಶುದ್ಧ ನೀರು ಕೊಟ್ಟು ಅವುಗಳ ಆಯುಷ್ಯ ಮುಗಿಯುವವರೆಗೆ ಕಾಪಾಡಲಿ. ಆ ಆರೆಂಟು ವರ್ಷಗಳ ಖರ್ಚು ಲಾಭದ ಅಂಕಣದಲ್ಲಿ ಕಾಣದು. ಶ್ರಾವಕನ ಪುಸ್ತಕದಲ್ಲಿ ಅದಕ್ಕೆ ಬೇರೆಯೇ ಒಂದು ಪುಟವಿದೆ.