ಫುಟ್‌ಪಾತ್‌ನಿಂದ ಕೆಳಗಿಳಿದ ಸ್ಕೂಟರು

ಬಾಡಿಗೆ ಇ-ಸ್ಕೂಟರುಗಳನ್ನು ಪ್ಯಾರಿಸ್ ನಗರ 2023ರ ಆಗಸ್ಟ್ ಕೊನೆಗೆ ಬೀದಿಯಿಂದ ತೆಗೆಸಿತು. ನಮ್ಮ ಮನೆಮುಂದಿನ ಸ್ಕೂಟರಲ್ಲ ಇವು. ನಿಂತೇ ಓಡಿಸುವ, ಪುಟ್ಟ ಚಕ್ರದ ಹಲಗೆಗಳು. ಆ ಪ್ರಯೋಗವೇ ಸೋತಿತು ಎಂದು ಹೇಳಿ ಮುಗಿಸುವವರುಂಟು. ಅಲ್ಲಿನ ಪಾರ್ಕಿಂಗ್ ನಿಯಮವನ್ನು ಮಾತ್ರ ಬೇರೆಯಾಗಿಯೇ ತೂಗಬೇಕು. ಅದು ಒಳ್ಳೆಯ ನಿಯಮವಾಗಿತ್ತು.

2018ರಲ್ಲಿ ಇವು ಬಂದಾಗ ಸವಾರ ಇಳಿದ ಕಡೆಯೇ ನಿಲ್ದಾಣ. ಬಿಳಿಕೋಲು ಹಿಡಿದು ನಡೆಯುವವರಿಗೆ ನಿನ್ನೆ ಇಲ್ಲದ ತೊಡಕು ಇವತ್ತು ಕಾಲಿಗೆ ಸಿಗುತ್ತಿತ್ತು. ಮರುವರ್ಷ ಮೇಯರ್ ಆನ್ ಇದಾಲ್ಗೊ ಅವರ ಆಡಳಿತ ಫುಟ್‌ಪಾತ್ ಮೇಲೆ ನಿಲ್ಲಿಸುವುದನ್ನು ನಿಷೇಧಿಸಿ 35 ಯೂರೊ ದಂಡ ಹಾಕಿತು. 2020ರಲ್ಲಿ ಮೂರೇ ಕಂಪನಿಗಳಿಗೆ ಅನುಮತಿ, ತಲಾ 5,000 ಗಾಡಿಗಳ ಮಿತಿ. ಇಷ್ಟಕ್ಕೇ ನಿಂತಿದ್ದರೆ ಆದೇಶ ಕಡತದಲ್ಲೇ ಉಳಿಯುತ್ತಿತ್ತು. ನನ್ನ ಮೆಚ್ಚುಗೆ ಇರುವುದು ಮುಂದಿನ ಹೆಜ್ಜೆಗೆ: ಸುಮಾರು 2,500 ನಿಲುಗಡೆ ಜಾಗಗಳನ್ನು ಗುರುತಿಸಿದರು, ಅದೂ ರಸ್ತೆಯಂಚಿನಲ್ಲಿ, ಕಾರುಗಳು ನಿಲ್ಲುತ್ತಿದ್ದ ಕಡೆ. ಗುರುತಿನೊಳಗೆ ತಂದು ನಿಲ್ಲಿಸದೆ ಆ್ಯಪ್‌ನಲ್ಲಿ ಸವಾರಿ ಮುಗಿಯುತ್ತಿರಲಿಲ್ಲ. ನಡೆಯುವವರಿಂದ ಕಿತ್ತುಕೊಂಡದ್ದನ್ನು ನಡೆಯುವವರಿಗೇ ಮರಳಿಸಿದ ನಿಯಮ ಅದು.

ಕೊರತೆ ಇರಲಿಲ್ಲವೆಂದಲ್ಲ. ಜಿಪಿಎಸ್ ನಾಲ್ಕಾರು ಮೀಟರ್ ತಪ್ಪುತ್ತದೆ; ಇಕ್ಕಟ್ಟಿನ ಗಲ್ಲಿಯಲ್ಲಿ ಆ ನಾಲ್ಕು ಮೀಟರ್ ಎಂದರೆ ಪೂರ್ತಿ ಫುಟ್‌ಪಾತ್. ಅದಕ್ಕಿಂತ ದೊಡ್ಡ ತಪ್ಪು, ಗಾಡಿ ಮೊದಲು ಬಂದು ನಿಯಮ ಆಮೇಲೆ ಬಂದದ್ದು. ಅಷ್ಟರಲ್ಲಿ ಜನರ ಸಹನೆ ಮುಗಿದಿತ್ತು. 2023ರ ಏಪ್ರಿಲ್ 2ರ ಮತದಾನದಲ್ಲಿ ಸುಮಾರು ಶೇಕಡಾ 89ರಷ್ಟು ಮತ ಸ್ಕೂಟರಿನ ವಿರುದ್ಧ ಬಿತ್ತು. ಮತಗಟ್ಟೆಗೆ ಬಂದವರು ನೂರಕ್ಕೆ ಎಂಟು ಮಂದಿಯೂ ಇಲ್ಲ. ಬೇಕೋ ಬೇಡವೋ ಎಂದಷ್ಟೇ ಕೇಳಿದ್ದರಿಂದ, ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ. ಆ ಪ್ರಶ್ನೆ ಮಾತ್ರ ಉಳಿದೇ ಇದೆ: ಬಾಡಿಗೆ ಸೈಕಲ್‌ಗಳು ಈಗಲೂ ಪ್ಯಾರಿಸ್‌ನಲ್ಲಿ ಓಡುತ್ತಿವೆ, ಅವನ್ನೂ ಎಲ್ಲೋ ಒಂದೆಡೆ ನಿಲ್ಲಿಸಲೇಬೇಕು.

ಬೆಂಗಳೂರಿಗೆ ಇದರಿಂದ ಕಲಿಯುವುದಿದೆ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಗಾಡಿಗೆ ನಮ್ಮಲ್ಲಿ ನೋಂದಣಿ ಬೇಕಿಲ್ಲ. ನಂಬರ್ ಪ್ಲೇಟ್ ಇಲ್ಲದ ಗಾಡಿ ದಾರಿಗೆ ಅಡ್ಡ ನಿಂತರೆ ದಂಡದ ಚೀಟಿ ಯಾರ ಹೆಸರಿಗೆ? ಬಾಡಿಗೆಗೆ ಬಿಟ್ಟ ಕಂಪನಿಯ ಹೆಸರಿಗೇ ಹೋಗಬೇಕು. ನಾನು ದಿನವೂ ಇಳಿಯುವ ಮೆಟ್ರೊ ನಿಲ್ದಾಣದ ಕೆಳಗೆ ಬಾಡಿಗೆ ಇ-ಬೈಕುಗಳ ಸಾಲು ಅರ್ಧ ಫುಟ್‌ಪಾತ್ ತಿಂದಿರುತ್ತದೆ. ಮಾರು ದೂರದಲ್ಲಿ, ರಸ್ತೆಯಂಚಿಗೆ, ಕಾರುಗಳು ಬೆಳಗಿನಿಂದ ಸಂಜೆವರೆಗೂ ಪುಕ್ಕಟೆಯಾಗಿ ನಿಂತಿರುತ್ತವೆ. ಅವುಗಳಲ್ಲಿ ಎರಡು ಕಾರಿನ ಜಾಗ ಬಿಡಿಸಿಕೊಟ್ಟರೆ ಆ ಇಡೀ ಸಾಲು ಕೆಳಗಿಳಿಯುತ್ತದೆ.