ಬಸ್ಸಾರಿನ ಕಟ್ಟು

ಹರಿವೆ, ದಂಟು, ಪಾಲಕ್, ಮೂಲಂಗಿ, ಬೀಟ್‌ರೂಟ್ ನೈಟ್ರೇಟ್ ಹೇರಳವಾಗಿರುವ ತರಕಾರಿಗಳು. ಬೇರು ಹೀರಿದ ನೈಟ್ರೇಟನ್ನು ಎಲೆ ಬಿಸಿಲಿನ ಬಲದಿಂದ ಪ್ರೋಟೀನಾಗಿಸುತ್ತದೆ. ಬಿಸಿಲು ಸಾಲದಿದ್ದರೆ ಅದು ಗಿಡದಲ್ಲೇ ಉಳಿಯುತ್ತದೆ. ಹಾಗಾಗಿ ಶಿವಮೊಗ್ಗ, ಭದ್ರಾವತಿಯ ಮಾರುಕಟ್ಟೆಗೆ ಬರುವ ಮಳೆಗಾಲದ ಸೊಪ್ಪಿನಲ್ಲಿ ಬೇಸಿಗೆಗಿಂತ ಹೆಚ್ಚು ನೈಟ್ರೇಟ್ ಇರುವ ಸಂಭವವಿದೆ. ಎಲೆಗಿಂತ ಕಾಂಡದಲ್ಲಿ ಅದು ಜಾಸ್ತಿ. ಈ ನೈಟ್ರೇಟ್ ಮೈಗೆ ಹಿತವಾದ್ದರಿಂದ, ಸೊಪ್ಪು ಬಿಡಿಸುವಾಗ ಎಳೆ ದಂಟನ್ನು ಎಸೆಯುವುದು ಶುದ್ಧ ದಂಡ.

ತಿಂದ ನೈಟ್ರೇಟ್ ಸಣ್ಣಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಸುಮಾರು ಕಾಲುಭಾಗವನ್ನು ಜೊಲ್ಲಿನ ಗ್ರಂಥಿಗಳು ಹೀರಿ ಮತ್ತೆ ಬಾಯಿಗೆ ತರುತ್ತವೆ. ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ನುಂಗಿದ ಮೇಲೆ ಅದೇ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳ ಬಿಗಿ ಸಡಿಲಿಸುತ್ತದೆ. ರಕ್ತನಾಳಗಳಲ್ಲಿ ಈ ಅನಿಲದ ಪಾತ್ರ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರ ನೊಬೆಲ್ ಬಂತು. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ದಿನವೂ ಬಳಸಿದರೆ ಈ ದಾರಿ ಬಾಯಲ್ಲೇ ಕಟ್ಟಿಹೋಗುತ್ತದೆ. 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ದಿನಕ್ಕೆ 250 ಮಿ.ಲೀ. ಬೀಟ್‌ರೂಟ್ ರಸವನ್ನು ನಾಲ್ಕು ವಾರ ಕುಡಿದ ಅಧಿಕ ರಕ್ತದೊತ್ತಡದ ರೋಗಿಗಳ ಮೇಲಿನ (ಸಿಸ್ಟಾಲಿಕ್) ಒತ್ತಡ ಸುಮಾರು 8 ಮಿ.ಮೀ. ಇಳಿಯಿತು. ಬಿ.ಪಿ. ಮಾತ್ರೆ ಬಿಡಲು ಇದು ನೆಪವಾಗದು.

ನೈಟ್ರೇಟ್ ನೀರಿನಲ್ಲಿ ಕರಗುತ್ತದೆ. ಬೇಯಿಸಿದ ನೀರು ಚೆಲ್ಲಿದರೆ ಅದರ ದೊಡ್ಡ ಪಾಲು ಮೋರಿಗೆ. ಬೀಟ್‌ರೂಟನ್ನು ಬೇಯಿಸಿ ಹಿಂಡಿ ಮಾಡುವ ಪಲ್ಯ ಇಲ್ಲಿ ಸೋಲುತ್ತದೆ, ಬಸ್ಸಾರು ಗೆಲ್ಲುತ್ತದೆ. ಹೆಸರುಕಾಳು ಮುಕ್ಕಾಲು ಬೆಂದಾಗ ಕೆಂಪು ಹರಿವೆ ಹಾಕಿ, ಸೊಪ್ಪು ಮೆತ್ತಗಾದೊಡನೆ ಬಸಿದರೆ ಬಣ್ಣವೆಲ್ಲ ಕಟ್ಟಿಗೆ ಇಳಿದಿರುತ್ತದೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಕಾಯಿ, ಹುಣಸೆ, ಜೊತೆಗೆ ಒಂದು ಹಿಡಿ ಬೆಂದ ಸೊಪ್ಪು ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಮಿಕ್ಕ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗಾದರೂ ಅನ್ನಕ್ಕಾದರೂ ಸೈ. ಮಸೊಪ್ಪಿನಲ್ಲಂತೂ ಬಸಿಯುವ ಮಾತೇ ಇಲ್ಲ. ಎರಡಕ್ಕೂ ಉಪ್ಪು ಮಾತ್ರ ಕೈ ಹಿಡಿದು ಹಾಕಬೇಕು, ಉಪ್ಪೇರಿದರೆ ಸೊಪ್ಪು ಇಳಿಸಿದ ಒತ್ತಡವನ್ನು ಅದೇ ಏರಿಸುತ್ತದೆ.

ಪಾಲಕ್, ಹರಿವೆ, ಬೀಟ್‌ರೂಟಿನಲ್ಲಿ ಆಕ್ಸಲೇಟೂ ಉಂಟು; ಮೂತ್ರಪಿಂಡದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳಿ ತಿನ್ನುವುದು ಲೇಸು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಏರಿಳಿಸಬಾರದು. ಬಸ್ಸಾರಿಗೆ ಮಾರನೆಯ ದಿನವೇ ರುಚಿ ಹೆಚ್ಚು ಎನ್ನುವವರಿದ್ದಾರೆ, ನಿಜವೂ ಹೌದು. ಆದರೆ ರಾತ್ರಿಯಿಡೀ ಒಲೆಯ ಪಕ್ಕ ಬಿಟ್ಟ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟಾಗಿಸುತ್ತವೆ. ಬಾಯಲ್ಲಿ ತುಸುತುಸುವೇ ಆಗುವ ನೈಟ್ರೈಟ್ ಹಿತ, ಪಾತ್ರೆಯಲ್ಲಿ ಹೆಚ್ಚಾಗಿ ಸೇರಿದರೆ ಅಪಾಯ; ಹಾಗಾಗಿ ಮಿಕ್ಕದ್ದು ಆರಿದೊಡನೆ ಫ್ರಿಜ್ ಸೇರಬೇಕು. ಹಸುಗೂಸಿಗೆ ಹಳೆಯ ಸೊಪ್ಪಿನ ಕಟ್ಟನ್ನು ಕೊಡಲೇಬಾರದು.